ಸೆಪ್ಟಿಕ್ ಶಾಕ್‌ನಲ್ಲಿ ಇಎಫ್ 30ಕ್ಕೆ ಇಳಿದಿದೆ: ಹಾರ್ಟ್ ಅಟ್ಯಾಕಾ, ಸೈಟೊಕೈನ್‌ಗಳ ಕೆಲಸವಾ?

ರಾತ್ರಿಪಾಳಿ, ಚಿಕ್ಕಬಳ್ಳಾಪುರ
ಕಿಡ್ನಿ ಸೋಂಕು, ಸೆಪ್ಟಿಕ್ ಶಾಕ್ (ಸೋಂಕಿನಿಂದ ಬಿಪಿ ಕುಸಿತ), ತೂಕ 60 ಕೆಜಿ. ರಿಂಗರ್ ಲ್ಯಾಕ್ಟೇಟ್ 1,800 ಎಂಎಲ್ ಹೋಗಿದೆ. ನಾರ್‌ಅಡ್ರಿನಲಿನ್ (ಬಿಪಿ ಏರಿಸೋ ಔಷಧಿ) ಮೇಲೆ ಮೀನ್ ಪ್ರೆಶರ್ (ಸರಾಸರಿ ಬಿಪಿ) 68. ಆದರೂ ಕೈಕಾಲು ತಣ್ಣಗಿದೆ, ಮೂತ್ರ ಗಂಟೆಗೆ 15 ಎಂಎಲ್. ಬಂದಾಗ ಇಎಫ್ (ಹೃದಯ ಪ್ರತಿ ಬಡಿತಕ್ಕೆ ಹೊರದೂಡೋ ರಕ್ತದ ಶೇಕಡಾ ಪಾಲು) 55 ಇತ್ತು, ಈಗ 30. ಟ್ರೋಪೊನಿನ್ (ಹೃದಯ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರೋ ಪ್ರೋಟೀನ್) ಪಾಸಿಟಿವ್, ಇಸಿಜಿಯಲ್ಲಿ ಬರೀ ಟ್ಯಾಕಿಕಾರ್ಡಿಯ (ವೇಗದ ಬಡಿತ). ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯೋ ಔಷಧಿ) ಹಾಕಿ ಆಂಜಿಯೋಗೆ ಬೆಂಗಳೂರಿಗೆ ಕಳಿಸಬೇಕಾ?

ಎಕೋ ಪ್ರೋಬ್, ತುಮಕೂರು
ಎಕೋದಲ್ಲಿ ಹೃದಯದ ಗೋಡೆಯ ಚಲನೆ ಎಲ್ಲಾ ಕಡೆ ಒಂದೇ ಸಮ ಮಂಕಾಗಿದೆಯಾ, ಒಂದು ರಕ್ತನಾಳದ ಪಾಲಿನ ಭಾಗ ಮಾತ್ರವಾ? ಎಲ್ಲಾ ಕಡೆ ಅಂದ್ರೆ, ಇಸಿಜಿಯಲ್ಲಿ ಎಸ್‌ಟಿ ಭಾಗದ ಬದಲಾವಣೆಯೂ ಇಲ್ಲದಿದ್ರೆ, ಹೆಪಾರಿನ್ ಬೇಡ. ಸೆಪ್ಸಿಸ್‌ನಲ್ಲಿ ಬ್ಲಾಕ್ ಇಲ್ಲದೆಯೂ ಟ್ರೋಪೊನಿನ್ ಏರುತ್ತೆ.

ಸೋಂಕಿಗೆ ಪ್ರತಿಯಾಗಿ ದೇಹ ಬಿಡೋ ಉರಿಯೂತದ ಪ್ರೋಟೀನ್‌ಗಳೇ ಸೈಟೊಕೈನ್‌ಗಳು; ಅವುಗಳಲ್ಲಿ ಟಿಎನ್‌ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಬೀಟಾ ಎರಡೂ ಸೇರಿದರೆ ಹೃದಯ ಸ್ನಾಯುವಿನ ಸಂಕೋಚನ ನಿಮಿಷಗಳಲ್ಲೇ ಕುಗ್ಗುತ್ತೆ. ಆಮೇಲೆ ಕೆಲವು ಗಂಟೆಗಳಲ್ಲಿ ಸ್ನಾಯುಕೋಶವೇ ನೈಟ್ರಿಕ್ ಆಕ್ಸೈಡ್ ಸುರಿಯೋಕೆ ಶುರುಮಾಡುತ್ತೆ. ಅದರಿಂದ ಸೈಕ್ಲಿಕ್ ಜಿಎಂಪಿ ಅನ್ನೋ ಸಂದೇಶದ ಅಣು ಏರಿ, ಕ್ಯಾಲ್ಸಿಯಂ ಬಂದರೂ ಸ್ನಾಯುವಿನ ಎಳೆಗಳು ಮೊದಲಿನಷ್ಟು ಸ್ಪಂದಿಸಲ್ಲ. ನೈಟ್ರಿಕ್ ಆಕ್ಸೈಡ್‌ನಿಂದ ಹುಟ್ಟೋ ಪೆರಾಕ್ಸಿನೈಟ್ರೈಟ್ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಗೆ ಹೊಡೆಯುತ್ತೆ, ಅಡ್ರಿನಲಿನ್ ಗ್ರಹಿಸೋ ಬೀಟಾ ರಿಸೆಪ್ಟರ್‌ಗಳೂ ಮಂದವಾಗುತ್ತವೆ. ಸ್ನಾಯು ಬಹುತೇಕ ಸತ್ತಿರಲ್ಲ, ಕೆಲಸ ನಿಲ್ಲಿಸಿರುತ್ತೆ ಅಷ್ಟೇ.

ಆ ಮೊದಲ ಇಎಫ್ 55 ನಂಬಬೇಡಿ. ರಕ್ತನಾಳಗಳು ಸಡಿಲವಾಗಿದ್ದಾಗ ಎದುರಿಗೆ ಒತ್ತಡವೇ ಇರಲ್ಲ, ಸೋತ ಹೃದಯವೂ ಚೆನ್ನಾಗೇ ಕಾಣುತ್ತೆ. ನಾರ್‌ಅಡ್ರಿನಲಿನ್ ಒತ್ತಡ ಏರಿಸಿದ ಮೇಲೆ ನಿಜ ಬಯಲಾಗಿದೆ.

ಐಸಿಯು, ಕೋಲಾರ
ಇನ್ನು ದ್ರವ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತೆ. ನಾರ್‌ಅಡ್ರಿನಲಿನ್ ಜೊತೆಗೇ ಡೊಬುಟಮಿನ್ (ಹೃದಯದ ಸಂಕೋಚನಕ್ಕೆ ಬಲ ಕೊಡೋ ಔಷಧಿ) ಸೇರಿಸಿ. 250 ಎಂಜಿ ವಯಲ್ ಅನ್ನು 50 ಎಂಎಲ್‌ಗೆ ಮಾಡಿಕೊಂಡರೆ ಎಂಎಲ್‌ಗೆ 5 ಎಂಜಿ. 60 ಕೆಜಿಗೆ, ಪ್ರತಿ ಕೆಜಿಗೆ ನಿಮಿಷಕ್ಕೆ 2.5 ಮೈಕ್ರೋಗ್ರಾಂ ಅಂದ್ರೆ ಗಂಟೆಗೆ 1.8 ಎಂಎಲ್, 5 ಅಂದ್ರೆ 3.6. ಇಎಫ್ ಅಂಕಿ ನೋಡಿ ಏರಿಸಬೇಡಿ; ರಕ್ತದ ಲ್ಯಾಕ್ಟೇಟ್, ಮೂತ್ರ, ಉಗುರು ಒತ್ತಿಬಿಟ್ಟರೆ ಕೆಂಪು ಮರಳೋ ಸಮಯ ನೋಡಿ. ಡೊಬುಟಮಿನ್ ನಾಳಗಳನ್ನೂ ಸಡಿಲಿಸೋದ್ರಿಂದ ಬಿಪಿ ಬೀಳಬಹುದು, ನಾರ್‌ಅಡ್ರಿನಲಿನ್ ಪಂಪ್ ಕೈಗೆಟುಕುವಂತಿರಲಿ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯ ಬಡಿತದ ಏರುಪೇರು) ಬಂದರೆ ಕಡಿಮೆ ಮಾಡಿ; ಪೊಟ್ಯಾಶಿಯಂ, ಮೆಗ್ನೀಶಿಯಂ ಮೊದಲೇ ಸರಿಪಡಿಸಿ. ಹೃದಯಕ್ಕೆ ಬಲ ಕೊಡೋ ಇನ್ನೊಂದು ಔಷಧಿ ಲೆವೊಸಿಮೆಂಡಾನ್ ಬೇಡ, 2021ರ ಸೆಪ್ಸಿಸ್ ಮಾರ್ಗಸೂಚಿಯೇ ಬೇಡ ಅನ್ನುತ್ತೆ.

ಕಿಡ್ನಿ ಸ್ಕ್ಯಾನ್ ಆಯ್ತಾ? ಕಲ್ಲು ಅಡ್ಡಬಿದ್ದು ಕೀವು ಕಟ್ಟಿದ್ದರೆ ಡಿಜೆ ಸ್ಟೆಂಟ್ (ಮೂತ್ರನಾಳದೊಳಗಿನ ಕೊಳವೆ) ಅಥವಾ ನೆಫ್ರಾಸ್ಟಮಿ (ಬೆನ್ನಿನಿಂದ ಕಿಡ್ನಿಗೆ ಹಾಕೋ ಕೊಳವೆ) ಆಗೋವರೆಗೂ ಸೈಟೊಕೈನ್ ನಿಲ್ಲಲ್ಲ. ಬೆಂಗಳೂರಿಗೆ ಕಳಿಸೋದಾದ್ರೆ ಅದಕ್ಕೆ ಕಳಿಸಿ, ಆಂಜಿಯೋಗಲ್ಲ.

ರಾತ್ರಿಪಾಳಿ, ಚಿಕ್ಕಬಳ್ಳಾಪುರ
ಗೋಡೆ ಎಲ್ಲಾ ಕಡೆ ಒಂದೇ ಸಮ ಮಂಕು, ಸರ್. ಸ್ಕ್ಯಾನ್‌ಗೆ ಹೇಳಿದ್ದೀನಿ. ಟಿಎನ್‌ಎಫ್ ತಡೆಯೋ ಔಷಧಿಯನ್ನೇ ಕೊಟ್ಟರೆ?

ಎಕೋ ಪ್ರೋಬ್, ತುಮಕೂರು
ಅದನ್ನು ಹಿಂದೆಯೇ ಪ್ರಯತ್ನಿಸಿ ನೋಡಿ ಆಗಿದೆ. 1996ರಲ್ಲಿ ಪ್ರಕಟವಾದ ಟ್ರಯಲ್‌ನಲ್ಲಿ ಟಿಎನ್‌ಎಫ್ ಅನ್ನು ಹಿಡಿದಿಡೋ ರಿಸೆಪ್ಟರ್ ಔಷಧಿಯ ಡೋಸ್ ಏರಿಸಿದಷ್ಟೂ ಸಾವು ಹೆಚ್ಚಿತು. ಸೋಂಕಿನ ವಿರುದ್ಧ ಹೋರಾಡೋಕೂ ಅದೇ ಟಿಎನ್‌ಎಫ್ ಬೇಕಲ್ಲ. ಬದುಕಿದವರಲ್ಲಿ ಸಾಮಾನ್ಯವಾಗಿ 7–10 ದಿನಕ್ಕೆ ಇಎಫ್ ಮರಳುತ್ತೆ; ಆಗ ಮತ್ತೊಂದು ಎಕೋ ಮಾಡಿ. ಮರಳದಿದ್ದರೆ ಆಗ ಆಂಜಿಯೋ ಯೋಚಿಸಿ.