ರಿಸ್ಟ್ರಕ್ಚರಿಂಗ್ ಅಂತ ಹೇಳಿ ರಾಜೀನಾಮೆ ಕೇಳುತ್ತಿದ್ದಾರೆ, ಏನು ಮಾಡಲಿ?

ರಾತ್ರಿಪಾಳಿ: ನಾನು ಒಂದು ಟಿವಿ ಸಂಸ್ಥೆಯ ಎಂಸಿಆರ್‌ನಲ್ಲಿ, ಅಂದರೆ ಪ್ರಸಾರ ನಿಯಂತ್ರಿಸುವ ಮಾಸ್ಟರ್ ಕಂಟ್ರೋಲ್ ರೂಮಿನಲ್ಲಿದ್ದೇನೆ. ಎಲ್ಲ ಚಾನೆಲ್‌ಗಳ ಪ್ಲೇಔಟ್ (ಕಾರ್ಯಕ್ರಮಗಳನ್ನು ಪ್ರಸಾರಕ್ಕೆ ಬಿಡುವ ಕೆಲಸ) ಒಂದೇ ಕಡೆ ಸೇರಿಸುತ್ತಾರಂತೆ, ಎಡಿಟರ್‌ಗಳನ್ನು ಡಿಜಿಟಲ್ ಡೆಸ್ಕ್ ಜೊತೆ ಸೇರಿಸುತ್ತಾರಂತೆ. ಈಗ ಎಚ್‌ಆರ್ ಒಬ್ಬೊಬ್ಬರನ್ನೇ ಕರೆದು, ನೀವೇ ರಾಜೀನಾಮೆ ಬರೆದುಕೊಡಿ, ಮುಂದೆ ಬೇರೆ ಕಡೆ ಕೆಲಸ ಹುಡುಕೋಕೆ ಅದೇ ಒಳ್ಳೆಯದು ಅನ್ನುತ್ತಿದ್ದಾರೆ. ಜಾಹೀರಾತು ಇಳಿದಿದೆ ಅನ್ನುವುದು ಅವರು ಕೊಡುವ ಕಾರಣ. ಇದು ನಿಜವೇ? ಹಾಗಿದ್ದರೆ ಬೇರೆ ಚಾನೆಲ್‌ಗೆ ಹೋದರೂ ಇದೇ ಕಥೆ ಅಲ್ವಾ?

ಹಳೇ ಎಡಿಟರ್: ಜಾಹೀರಾತು ಇಳಿದಿರುವುದು ಸುಳ್ಳಲ್ಲ. ಬ್ರಿಟನ್ನಿನ ಚಾನೆಲ್ 4 ಜಾಹೀರಾತಿನ ಮೇಲೇ ನಡೆಯುವ ಸಂಸ್ಥೆ, 2024ರ ಜನವರಿಯಲ್ಲಿ ಸುಮಾರು 240 ಹುದ್ದೆ ತೆಗೆಯುವುದಾಗಿ ಹೇಳಿತು. ಆದರೆ ಅದೊಂದೇ ಕಾರಣ ಅಲ್ಲ. ಬಿಬಿಸಿ ಅಲ್ಲಿ ಟಿವಿ ನೋಡುವ ಮನೆಯವರು ವರ್ಷಕ್ಕೊಮ್ಮೆ ಕಟ್ಟುವ ಲೈಸೆನ್ಸ್ ಶುಲ್ಕದ ಮೇಲೆ ನಡೆಯುತ್ತದೆ, 2022ರಲ್ಲಿ ಸರ್ಕಾರ ಆ ಶುಲ್ಕವನ್ನು ಎರಡು ವರ್ಷ 159 ಪೌಂಡ್‌ನಲ್ಲೇ ನಿಲ್ಲಿಸಿತು, ಅದೇ ವರ್ಷ ಮೇ ತಿಂಗಳಲ್ಲಿ ಬಿಬಿಸಿ 1,000 ಹುದ್ದೆಗಳವರೆಗೆ ಕಡಿಮೆ ಮಾಡುವ ಯೋಜನೆ ಪ್ರಕಟಿಸಿತು. ಕಷ್ಟ ಇರುವುದು ಟಿವಿ ನಡೆಸುವ ರೀತಿಯಲ್ಲೇ. ನೋಡುವವರು ಅರ್ಧ ಆದರೂ ಸ್ಯಾಟಲೈಟ್ ಬಾಡಿಗೆ ಅರ್ಧ ಆಗುವುದಿಲ್ಲ, ರಾತ್ರಿ ಪಾಳಿಗೂ ಜನ ಬೇಕೇ ಬೇಕು. ಅದಕ್ಕೇ ಮೊದಲು ಕಣ್ಣು ಬೀಳುವುದು ನಿಮ್ಮ ಎಂಸಿಆರ್ ಮೇಲೆ.

ಸಹಿ ಬೇಡ: ಕಾರಣ ಏನೇ ಇರಲಿ, ದಯವಿಟ್ಟು ಆ ರೂಮಿನಲ್ಲಿ ಕೂತು ಯಾವುದಕ್ಕೂ ಸಹಿ ಹಾಕಬೇಡಿ! ಹುದ್ದೆ ರದ್ದಾಗಿ ಮನೆಗೆ ಕಳಿಸಿದರೆ ಎಷ್ಟೋ ದೇಶಗಳ ಕಾನೂನಿನಲ್ಲಿ ಪರಿಹಾರ ಇದೆ, ನೀವಾಗಿಯೇ ಬಿಟ್ಟಿರಿ ಅಂತ ಕಾಗದದಲ್ಲಿ ಬಂದರೆ ಸಾಮಾನ್ಯವಾಗಿ ಅದು ಕೈತಪ್ಪುತ್ತದೆ. ನಿಮ್ಮ ಒಳ್ಳೆಯದಕ್ಕೆ ಅಂತ ಹೇಳಿ ಹೀಗೆ ಮಾಡುವುದು ನನಗೆ ಅನ್ಯಾಯ ಅನ್ನಿಸುತ್ತದೆ. ಹೇಳುವುದನ್ನು ಮೇಲ್‌ನಲ್ಲಿ ಕಳಿಸಿ ಅನ್ನಿ. ನೇಮಕಾತಿ ಪತ್ರ, ಸಂಬಳದ ಸ್ಲಿಪ್, ಉಳಿದ ರಜೆಯ ಲೆಕ್ಕ ಇವತ್ತೇ ತೆಗೆದಿಟ್ಟುಕೊಳ್ಳಿ, ಆಫೀಸ್ ಮೇಲ್ ಬಂದ್ ಮಾಡಿದ ಮೇಲೆ ಏನೂ ಸಿಗುವುದಿಲ್ಲ. ಯೂನಿಯನ್ ಇದ್ದರೆ ಈಗಲೇ ಹೋಗಿ ಮಾತಾಡಿ.

ಪ್ಯಾಕೇಜ್ ತೆಗೆದುಕೊಂಡವ: ಒಂದು ಸೇರಿಸುತ್ತೇನೆ. ಇಷ್ಟಪಟ್ಟು ಹೋಗುವವರಿಗೆ ಹಣ ಕೊಡುವ ಯೋಜನೆ ಬೇರೆ, ಸುಮ್ನೆ ರಾಜೀನಾಮೆ ಬರೆಸಿಕೊಳ್ಳುವುದು ಬೇರೆ. ಮೊದಲನೆಯದಾದರೆ ಎಷ್ಟು ಹಣ, ಯಾವ ತಾರೀಖು ಅಂತ ಬರವಣಿಗೆಯಲ್ಲಿ ಕೊಡುತ್ತಾರೆ, ನನಗೆ ಹಾಗೆ ಕೊಟ್ಟರು, ನಾನು ಒಪ್ಪಿಕೊಂಡೆ. ಇನ್ನು ಬೇರೆ ಚಾನೆಲ್ ಬಗ್ಗೆ ಕೇಳಿದ್ದೀರಿ. ಬರೀ ಶಿಫ್ಟ್ ನೋಡಿಕೊಳ್ಳುವ ಕೆಲಸ ಎಲ್ಲ ಕಡೆಯೂ ಕಡಿಮೆಯಾಗುತ್ತಿದೆ. ಆದರೆ ಲೈವ್ ನಡೆಯುವಾಗ ಫೀಡ್ ಹೋದರೆ ಗಾಬರಿಯಾಗದೆ ಬ್ಯಾಕಪ್‌ಗೆ ಹಾಕುವವರು ಸ್ಟ್ರೀಮಿಂಗ್ ಕಂಪನಿಗಳಿಗೂ ಬೇಕು, ಕ್ರೀಡಾ ಪ್ರಸಾರಕ್ಕಂತೂ ಜಾಸ್ತಿ ಬೇಕು. ಕ್ಲೌಡ್ ಪ್ಲೇಔಟ್, ಅಂದರೆ ಇಂಟರ್ನೆಟ್ ಸರ್ವರ್‌ಗಳಿಂದಲೇ ಚಾನೆಲ್ ಪ್ರಸಾರ ಮಾಡುವುದನ್ನು ಕಲಿತುಕೊಳ್ಳಿ.

ರಾತ್ರಿಪಾಳಿ: ತುಂಬಾ ಥ್ಯಾಂಕ್ಸ್. ಕರೆದರೆ ಮೇಲ್ ಕಳಿಸಿ ಅಂತಲೇ ಹೇಳುತ್ತೇನೆ. ನಮ್ಮಲ್ಲಿ ಕಾಂಟ್ರಾಕ್ಟ್ ಮೇಲಿರುವ ಕ್ಯಾಮೆರಾ ಹುಡುಗರಿದ್ದಾರೆ, ಅವರನ್ನು ಮೀಟಿಂಗ್‌ಗೂ ಕರೆದಿಲ್ಲ. ಅವರಿಗೇನು ದಾರಿ?

ಸಹಿ ಬೇಡ: ಅವರ ಕಾಂಟ್ರಾಕ್ಟ್‌ನಲ್ಲಿ ಮುಗಿಯುವ ತಾರೀಖು ಮತ್ತು ನೋಟಿಸ್ ಅವಧಿ ಏನಿದೆ ನೋಡಿ. ಬಾಕಿ ಬಿಲ್‌ಗಳನ್ನು ಈ ವಾರವೇ ಕೊಡಲಿ. ಯೂನಿಯನ್‌ಗೆ ಹೋಗುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.