ಕಾರ್ನ್‌ಫ್ಲೋರ್ ಇಲ್ಲದೆ ಜೋಳದ ಸೂಪ್ ಮಂದವಾಗುವುದೇ?

ಪ್ರಶ್ನೆ: ಜ್ವರದಿಂದ ಚೇತರಿಸಿಕೊಳ್ಳುತ್ತಿರುವ ಅಮ್ಮನಿಗೆ ಸಂಜೆಯ ಹೊತ್ತು ಬಿಸಿಯಾದ ಸ್ವೀಟ್ ಕಾರ್ನ್ ಸೂಪ್ ಮಾಡಿಕೊಡಬೇಕೆಂದಿದ್ದೇನೆ. ಕಾರ್ನ್‌ಫ್ಲೋರ್ ಬೆರೆಸಿದ ಅಂಟಂಟಾದ ಸೂಪ್ ಅವರಿಗೆ ಹಿಡಿಸುವುದಿಲ್ಲ. ಅದಿಲ್ಲದೆ ಮಂದವಾಗಿಸುವ ಬಗೆಯನ್ನು ದಯವಿಟ್ಟು ತಿಳಿಸಿ.

ಉತ್ತರ 1: ಖಂಡಿತ ಸಾಧ್ಯವಿದೆ. ಎರಡು ತೆನೆಗಳ ಕಾಳು ಬಿಡಿಸಿದ ಮೇಲೆ ಉಳಿಯುವ ದಿಂಡುಗಳನ್ನು ಎಸೆಯಬೇಡಿ, ಅವುಗಳಲ್ಲಿ ಇನ್ನೂ ಸಿಹಿ ಉಳಿದಿರುತ್ತದೆ. ಅವನ್ನು ನಾಲ್ಕು ಲೋಟ ನೀರಿನಲ್ಲಿ 20 ನಿಮಿಷ ಕುದಿಸಿ ತೆಗೆದು, ಅದೇ ನೀರಿನಲ್ಲಿ ಕಾಳನ್ನು ಬೇಯಿಸಿ, ಅದರ ಮುಕ್ಕಾಲು ಪಾಲನ್ನು ನುಣ್ಣಗೆ ರುಬ್ಬಿ, ಸೋಸಿ, ಮತ್ತೆ ಸೇರಿಸಿ ಸಣ್ಣ ಉರಿಯಲ್ಲಿ ಕುದಿಸಿದರೆ, ಕಾಳಿನೊಳಗಿನ ಪಿಷ್ಟವೇ ನೀರನ್ನು ಹೀರಿ ಉಬ್ಬಿ ಸೂಪನ್ನು ಮಂದಗೊಳಿಸುತ್ತದೆ. ಉಪ್ಪು, ಕುಟ್ಟಿದ ಕಾಳುಮೆಣಸು ಮತ್ತು ಒಂದು ಚಮಚ ಬೆಣ್ಣೆ ಸಾಕು. ಸೋಸುವುದನ್ನು ಮಾತ್ರ ಬಿಡಬೇಡಿ, ಏಕೆಂದರೆ ಕಾಳಿನ ಸಿಪ್ಪೆ ನೊಂದ ಗಂಟಲಿಗೆ ಒರಟಾಗುತ್ತದೆ.

ಉತ್ತರ 2: ತೆನೆಯನ್ನು ಕೊಂಡ ದಿನವೇ ಬಳಸಿರಿ. ಕೊಯ್ಲಿನ ನಂತರ ಕಾಳಿನ ಸಕ್ಕರೆಯು ಪಿಷ್ಟವಾಗಿ ಮಾರ್ಪಡುತ್ತ ಹೋಗುವುದರಿಂದ ಸಿಹಿ ಕುಂದುತ್ತದೆ.

ಉತ್ತರ 3: ತಾಯಿಯವರಿಗೆ ಮಧುಮೇಹವಿದ್ದರೆ ಸಣ್ಣ ಬಟ್ಟಲಿನಷ್ಟೇ ಕೊಡಿ. ಜೋಳವನ್ನು ಕಡಿಮೆ ಮಾಡಿ, ಮೆತ್ತಗೆ ಬೇಯಿಸಿದ ಹೆಸರುಬೇಳೆಯನ್ನು ಅದರೊಂದಿಗೆ ರುಬ್ಬಿದರೂ ಸೂಪ್ ಚೆನ್ನಾಗಿ ಮಂದವಾಗುತ್ತದೆ, ಜೊತೆಗೆ ಪ್ರೋಟೀನ್ ಕೂಡ ದೊರೆಯುತ್ತದೆ.