ಊರಿಗೊಂದು ಐಸ್ ಗೋಡೆ: ಕಟ್ಟಿದವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ, ಕೊಲರಾಡೊದಿಂದ

ಸ್ಯಾನ್ ವಾನ್ ಪರ್ವತಗಳ ನಡುವೆ, ಸಾವಿರ ಜನರೂ ಇಲ್ಲದ ಪಟ್ಟಣವೊಂದರಲ್ಲಿ ನಾನು ನೆಲೆಸಿದ್ದೇನೆ. ಊರಿನವರೆಲ್ಲರೂ ಬಳಸಬಹುದಾದ ಐಸ್ ಕ್ಲೈಂಬಿಂಗ್ ಗೋಡೆಯೊಂದನ್ನು, ಅಂದರೆ ಹತ್ತಲೆಂದೇ ಬೆಳೆಸುವ ಮಂಜುಗಡ್ಡೆಯ ಗೋಡೆಯನ್ನು, ಮಾಡಲು ನಮ್ಮ ಪುರಸಭೆ ಒಪ್ಪಿದೆ. ಉತ್ತರಕ್ಕೆ ಮುಖ ಮಾಡಿದ, ಸುಮಾರು 15 ಮೀಟರ್ ಎತ್ತರದ ಬಂಡೆಯೊಂದಿದೆ. ಅದರ ಪಕ್ಕದಲ್ಲೇ ಸಮತಟ್ಟಾದ ಜಾಗವೂ ಇದೆ. ಬಂಡೆಯ ಮೇಲೆ ನೀರು ಹಾಯಿಸಬೇಕೋ, ಉಕ್ಕಿನ ಗೋಪುರ ನಿಲ್ಲಿಸಬೇಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಸಮಿತಿಯ ಲೆಕ್ಕಪತ್ರ ನೋಡುವ ಹೊಣೆ ನನ್ನದು. ಇಂಥ ಕೆಲಸದಲ್ಲಿ ಕೈಹಾಕಿದ ಕನ್ನಡಿಗರು ಇದ್ದರೆ ನಿಜವಾದ ಖರ್ಚು ಎಷ್ಟಾಯಿತೆಂದು ದಯವಿಟ್ಟು ತಿಳಿಸಿ.

ಮಿನ್ನೆಸೋಟದಿಂದ

ಗೋಪುರವನ್ನೇ ಕಟ್ಟಿ. ನಮ್ಮ ರಾಜ್ಯದಲ್ಲಿ ಸ್ಯಾಂಡ್‌ಸ್ಟೋನ್ ಊರಿನ ಹಳೆಯ ಕಲ್ಲುಗಣಿಯಲ್ಲೂ ಮಿಸಿಸಿಪಿ ದಂಡೆಯ ವಿನೋನದ ಬಂಡೆಯಲ್ಲೂ ನೀರು ಹಾಯಿಸಿ ಐಸ್ ಬೆಳೆಸುತ್ತಾರೆ. ನಮ್ಮ ಊರು ಇನ್ನೂ ಉತ್ತರಕ್ಕಿದೆ, ಅಲ್ಲಿ ಬಂಡೆಯೇ ಇಲ್ಲ. ಆದ್ದರಿಂದ 12 ಮೀಟರ್ ಎತ್ತರದ ಉಕ್ಕಿನ ಚೌಕಟ್ಟು ನಿಲ್ಲಿಸಿ, ಅದಕ್ಕೆ ಬೇಲಿಯ ಜಾಲರಿ ಬಿಗಿದು, ಮೇಲಿನಿಂದ ನಾಝಲ್‌ಗಳಲ್ಲಿ ನೀರು ಚಿಮುಕಿಸುತ್ತೇವೆ.

ತೂಕದ ಲೆಕ್ಕವನ್ನು ಮೊದಲು ಹಾಕಿಸಿ. ಮಂಜುಗಡ್ಡೆ ಘನ ಮೀಟರಿಗೆ 917 ಕೆಜಿ ತೂಗುತ್ತದೆ. 12 ಮೀಟರ್ ಎತ್ತರ, 4 ಮೀಟರ್ ಅಗಲದ ಒಂದು ಮುಖದ ಮೇಲೆ ಕೇವಲ 40 ಸೆಂಟಿಮೀಟರ್ ದಪ್ಪ ಕಟ್ಟಿದರೂ ಅದು 17 ಟನ್ ದಾಟುತ್ತದೆ. ಜಾಲರಿ ಖಾಲಿಯಿದ್ದಾಗ ಗಾಳಿ ಅದರೊಳಗೆ ಹಾದುಹೋಗುತ್ತದೆ; ಐಸ್ ತುಂಬಿದ ಮೇಲೆ ಅದೇ ಮುಖ ಗಾಳಿಗೆ ಪೂರ್ತಿ ಎದೆಯೊಡ್ಡಿ ನಿಲ್ಲುತ್ತದೆ. ಎಂಜಿನಿಯರ್ ಸಹಿಗೆ 6,200 ಡಾಲರ್, ಉಕ್ಕು ಮತ್ತು ವೆಲ್ಡಿಂಗ್‌ಗೆ 31,000, ಅಡಿಪಾಯಕ್ಕೆ ಮೊದಲು 18,400. ಮೊದಲು ಎಂದು ಬರೆದದ್ದಕ್ಕೆ ಕಾರಣವಿದೆ. ಉತ್ತರ ಮಿನ್ನೆಸೋಟದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುವುದರಿಂದ ಅಡಿಪಾಯ 60 ಇಂಚು ಆಳಕ್ಕೆ ಹೋಗಬೇಕೆಂದು ಕಟ್ಟಡ ನಿಯಮವೇ ಹೇಳುತ್ತದೆ. ದಕ್ಷಿಣದ ಭಾಗಕ್ಕೆ 42 ಇಂಚು ಸಾಕು. ನಮ್ಮ ಗುತ್ತಿಗೆದಾರ ದಕ್ಷಿಣದ ಅಳತೆಗೆ ಕಾಂಕ್ರೀಟ್ ಹಾಕಿ ಹಣ ಎಣಿಸಿಕೊಂಡು ಹೋದ. ತಪಾಸಣೆಯಲ್ಲಿ ಅದು ಬಯಲಾಗಿ ಎಲ್ಲವನ್ನೂ ಒಡೆಸಿ ಮತ್ತೆ ಹಾಕಿಸಬೇಕಾಯಿತು. ಆ 18,400ರಲ್ಲಿ ಒಂದು ಪೈಸೆಯೂ ಹಿಂದಿರುಗಲಿಲ್ಲ. ಇಷ್ಟಾದರೂ ಇಂದು ನಮ್ಮ ಊರಿನ ಶಾಲೆಯ ಮಕ್ಕಳು ಸಂಜೆ ಬೂಟಿಗೆ ಕ್ರ್ಯಾಂಪಾನ್ (ಐಸ್‌ಗೆ ಕಚ್ಚುವ ಲೋಹದ ಮುಳ್ಳುಗಳು) ಕಟ್ಟಿಕೊಂಡು ಆ ಗೋಪುರ ಏರುತ್ತಾರೆ, ಕಟ್ಟಿದ್ದು ಸಾರ್ಥಕವಾಗಿದೆ.

ಲೇಹ್‌ನಿಂದ

ನಾನು ದಾವಣಗೆರೆಯವಳು, ಮದುವೆಯಾಗಿ ಲಡಾಖಿಗೆ ಬಂದು ನೆಲೆಸಿದ್ದೇನೆ. ಮೇಲಿನವರ ಪಟ್ಟಿ ಓದಿ ಬೇಸರವಾಯಿತು. ಊರಿನ ಗೋಡೆಗೆ ಉಕ್ಕು, ವೆಲ್ಡಿಂಗ್, ಕಾಂಕ್ರೀಟ್ ಯಾವುದೂ ಬೇಕಿಲ್ಲ. 1980ರ ದಶಕದಿಂದ ಲಡಾಖಿನ ಎಂಜಿನಿಯರ್ ಚೇವಾಂಗ್ ನೊರ್ಫೆಲ್ ಅವರು ಹಳ್ಳಿಗಳ ಮೇಲ್ಭಾಗದಲ್ಲಿ ನೀರನ್ನು ತಡೆದು ಕೃತಕ ಹಿಮನದಿಗಳನ್ನು ಮಾಡಿದ್ದು ಕಲ್ಲಿನ ಒಡ್ಡುಗಳಿಂದಲೇ. 2013–14ರ ಚಳಿಗಾಲದಲ್ಲಿ ಸೋನಂ ವಾಂಗ್ಚುಕ್ ಅವರು ತೋರಿಸಿಕೊಟ್ಟ ಐಸ್ ಸ್ತೂಪಕ್ಕೂ (ನೀರು ಚಿಮ್ಮಿಸಿ ಬೆಳೆಸುವ ಶಂಕುವಿನಾಕಾರದ ಐಸ್ ರಾಶಿ) ಪಂಪ್ ಇಲ್ಲ, ವಿದ್ಯುತ್ ಇಲ್ಲ. ನೀರನ್ನು ಎತ್ತರದಿಂದ ಪೈಪಿನಲ್ಲಿ ತಂದರೆ ಹತ್ತು ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ ತಾನಾಗಿಯೇ ಸಿಗುತ್ತದೆ.

ನಮ್ಮ ಹಳ್ಳಿಯ ಗೋಡೆಗೆ 600 ಮೀಟರ್ ಎಚ್‌ಡಿಪಿಇ ಪೈಪ್ ತರಿಸಿದೆವು. ಪೈಪಿಗೆ 84,000 ರೂಪಾಯಿ, ರಸ್ತೆ ಮುಚ್ಚುವ ಮುನ್ನ ಲಾರಿಯಲ್ಲಿ ತರಿಸಿದ್ದಕ್ಕೆ 27,000. ಮೇಲೆ ಹಗ್ಗ ಕಟ್ಟುವ ಆ್ಯಂಕರ್‌ಗಳಲ್ಲಿ ಮಾತ್ರ ಜಿಪುಣತನ ಮಾಡದೆ ಒಳ್ಳೆಯ ಸ್ಟೇನ್‌ಲೆಸ್ ಬೋಲ್ಟ್‌ಗಳನ್ನೇ ಹಾಕಿಸಿದೆವು. ಕಷ್ಟವಿರುವುದು ರಾತ್ರಿ. ನಾಝಲ್‌ನ ರಂಧ್ರದಲ್ಲಿ ಕಾಳಿನಷ್ಟು ಐಸ್ ಕೂತರೆ ಸಾಕು, ಹರಿವು ನಿಂತು ಇಡೀ ಪೈಪ್ ಒಂದೇ ತಾಸಿನಲ್ಲಿ ಗಟ್ಟಿಯಾಗುತ್ತದೆ. ಹುಡುಗರು ಒಂದು ನಾಝಲ್ ಅನ್ನು ಉದ್ದನೆಯ ಉಣ್ಣೆಯ ಅಂಗಿಯೊಳಗೆ ಕಂಕುಳಲ್ಲಿ ಇಟ್ಟುಕೊಂಡೇ ಮೇಲೆ ಹೋಗಿ, ಹೆಪ್ಪುಗಟ್ಟಿದ್ದನ್ನು ಬಿಚ್ಚಿ, ಬೆಚ್ಚಗಿರುವುದನ್ನು ತಿರುಗಿಸಿ ಬರುತ್ತಾರೆ. ವಸಂತದಲ್ಲಿ ಗೋಡೆ ಕರಗಿದ ನೀರು ಬಾರ್ಲಿ ಹೊಲಗಳಿಗೆ ಹೋಗುತ್ತದೆ. ಹಾಗಾಗಿ ನೀರು ಹಂಚುವ ಚುರ್ಪೊನ್ ಕೂಡ ಒಪ್ಪಿದರು.

ಕೊಲರಾಡೊದಿಂದ, ಇನ್ನೊಬ್ಬರು

ಲೇಹ್‌ನ ಅಕ್ಕನವರೇ, ನಿಮ್ಮಲ್ಲಿ ಚುರ್ಪೊನ್ ಒಪ್ಪಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಈ ರಾಜ್ಯದಲ್ಲಿ ನೀರು ಮೊದಲು ಬಳಸಿದವರಿಗೆ ಮೊದಲ ಹಕ್ಕು ಎಂಬ ಕಾನೂನಿನಡಿ ಹಂಚಿಕೆಯಾಗುತ್ತದೆ; ಹಳ್ಳದ ಪಕ್ಕದಲ್ಲೇ ಮನೆಯಿದ್ದರೂ ಹಕ್ಕಿಲ್ಲದೆ ಪೈಪ್ ಇಳಿಸುವಂತಿಲ್ಲ. ಅದಕ್ಕೆಂದೇ ಪ್ರತ್ಯೇಕ ಜಲ ನ್ಯಾಯಾಲಯಗಳಿವೆ. ನಮ್ಮ ಕಣಿವೆಯ ಗೋಡೆಗೆ ಬಂಡೆ ಇತ್ತು, ನೆರಳು ಇತ್ತು, ಚಳಿಯೂ ಇತ್ತು, ಸ್ವಯಂಸೇವಕರೂ ಇದ್ದರು. ಕೆಳಗಿನ ಜಮೀನುದಾರರೊಬ್ಬರು ತಕರಾರು ಸಲ್ಲಿಸಿದ್ದರಿಂದ ವಕೀಲರಿಗೆ 22,000 ಡಾಲರ್ ತೆತ್ತೆವು. ಅಷ್ಟು ಹಣದಲ್ಲಿ ಪೈಪ್, ಸ್ಪ್ರಿಂಕ್ಲರ್, ಆ್ಯಂಕರ್ ಎಲ್ಲವನ್ನೂ ಎರಡು ಬಾರಿ ಕೊಳ್ಳಬಹುದಿತ್ತು. ನನಗೆ ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ ಕೇಳಿದವರೇ, ನೀವು ನಮ್ಮ ರಾಜ್ಯದ ಯೂರೇ ಊರಿನ ಐಸ್ ಪಾರ್ಕ್ ನೋಡಿಯೇ ಇರುತ್ತೀರಿ. 1990ರ ದಶಕದಲ್ಲಿ ಅನ್‌ಕಂಪಾಗ್ರೆ ಕಂದರದ ಜಲವಿದ್ಯುತ್ ಪೈಪ್ ಸೋರಿ ಬಂಡೆಯ ಮೇಲೆ ಐಸ್ ಕಟ್ಟಿದ್ದನ್ನು ಕಂಡು ಅಲ್ಲಿನವರು ತಾವೇ ನೀರು ಹಾಯಿಸತೊಡಗಿದರು. ಇಂದು ಅಲ್ಲಿ ನೂರೈವತ್ತಕ್ಕೂ ಹೆಚ್ಚು ಏರುದಾರಿಗಳಿವೆ, ಪ್ರವೇಶ ಉಚಿತ. ಅಂಥ ಪಾರ್ಕ್ ಕೂಡ ಊರಿನ ನೀರಿನ ಹೆಚ್ಚುವರಿಯನ್ನೇ ನಂಬಿಕೊಂಡು ಬೆಳೆದದ್ದರಿಂದ, ಕೊರತೆ ಬಂದಾಗ ಹತ್ತಿರದ ಬೆಳ್ಳಿ ಗಣಿಯ ನೀರನ್ನು ಗುತ್ತಿಗೆಗೆ ಪಡೆಯುವ ಒಪ್ಪಂದಕ್ಕೆ ಬರಬೇಕಾಯಿತು. ಗೋಪುರವೋ ಬಂಡೆಯೋ ಎಂಬ ಚರ್ಚೆಯನ್ನು ಬದಿಗಿಡಿ. ಜನವರಿಯ ರಾತ್ರಿ ಪೈಪ್ ಹೆಪ್ಪುಗಟ್ಟದಿರಲೆಂದು ಊರೆಲ್ಲ ನಲ್ಲಿಗಳನ್ನು ಸಣ್ಣಗೆ ಹರಿಯಬಿಟ್ಟು ಮಲಗಿದಾಗ ಟ್ಯಾಂಕಿನಲ್ಲಿ ಎಷ್ಟು ಉಳಿಯುತ್ತದೆ ಎಂದು ನಿಮ್ಮ ನೀರು ಸರಬರಾಜು ವಿಭಾಗದವರನ್ನು ಕೇಳಿ. ಅದೇ ನಿಮ್ಮ ಗೋಡೆಯ ಅಳತೆ.

ಮಿನ್ನೆಸೋಟದಿಂದ

ಎಲ್ಲಕ್ಕೂ ನೀರೇ ಕಾರಣ ಎನ್ನುವುದಾದರೆ ವಿಮೆಯ ಮಾತು ಯಾರು ಆಡುತ್ತಾರೆ? ನಾವು ವರ್ಷಕ್ಕೆ 4,750 ಡಾಲರ್ ಕಂತು ಕಟ್ಟುತ್ತೇವೆ. ಅದಕ್ಕಾಗಿಯೇ ತಲೆಗೆ 10 ಡಾಲರ್ ಶುಲ್ಕ ಇಟ್ಟಿದ್ದೇವೆ. ಉಚಿತವಾಗಿ ಕೊಟ್ಟದ್ದನ್ನು ಜನ ಜೋಪಾನ ಮಾಡುವುದಿಲ್ಲ.

ಕೊಲರಾಡೊದಿಂದ, ಇನ್ನೊಬ್ಬರು

ಇದು ಅಪಾಯದ ಸಲಹೆ. ಮನರಂಜನೆಗೆ ಜಮೀನನ್ನು ಉಚಿತವಾಗಿ ತೆರೆದಿಟ್ಟ ಮಾಲೀಕರ ಹೊಣೆಯನ್ನು ಮಿತಿಗೊಳಿಸುವ ಕಾನೂನು ನಮ್ಮ ರಾಜ್ಯದಲ್ಲಿದೆ. ಪ್ರವೇಶಕ್ಕೆ ಶುಲ್ಕ ವಸೂಲು ಮಾಡತೊಡಗಿದರೆ ಆ ರಕ್ಷಣೆಯೇ ಕೈತಪ್ಪಬಹುದು. ಹತ್ತು ಡಾಲರ್ ಆಸೆಗೆ ಪುರಸಭೆಯನ್ನು ಕಟಕಟೆಗೆ ತಂದು ನಿಲ್ಲಿಸಬೇಡಿ. ದೇಣಿಗೆ ಪಡೆಯಬಹುದೇ, ಸದಸ್ಯತ್ವ ಇಡಬಹುದೇ ಎಂಬುದನ್ನೂ ವಕೀಲರಿಂದ ಬರಹದಲ್ಲೇ ಪಡೆಯಿರಿ.

ಮಿನ್ನೆಸೋಟದಿಂದ

ಆಸೆ ಎಂಬ ಮಾತನ್ನು ಹಿಂದೆ ತೆಗೆದುಕೊಳ್ಳಿ. ನಮ್ಮ ಸಮಿತಿಯ ಒಬ್ಬರೂ ಒಂದು ಡಾಲರ್ ಮುಟ್ಟಿದವರಲ್ಲ. ಆ ಶುಲ್ಕದಿಂದಲೇ ಮಕ್ಕಳಿಗೆ ಹೆಲ್ಮೆಟ್ ಮತ್ತು ಐಸ್ ಆಕ್ಸ್‌ಗಳು ಬಂದಿವೆ.

ನಾರ್ವೆಯಿಂದ

ರ್ಯೂಕಾನ್ ಊರಿನ ಬಳಿ ಕೆಲವು ವರ್ಷ ಇದ್ದೆ. ಆ ಕಣಿವೆಗೆ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಬಿಸಿಲೇ ಬೀಳುವುದಿಲ್ಲ. ಊರಿನ ಚೌಕಕ್ಕೆ ಬೆಳಕು ತರಲು 2013ರಲ್ಲಿ ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನೇ ನಿಲ್ಲಿಸಿದರು. ಐಸ್ ಏರುವವರಿಗೆ ಆ ನೆರಳೇ ಸಂಪತ್ತು. ನಿಮ್ಮ ಬಂಡೆ ಉತ್ತರಕ್ಕೆ ಮುಖ ಮಾಡಿದೆ ಎಂದಿದ್ದೀರಿ. ಫೆಬ್ರವರಿಯ ಕೊನೆಯಲ್ಲಿ ಮಧ್ಯಾಹ್ನ ಮೂರರ ಬಿಸಿಲು ಅದರ ಅಂಚಿಗೆ ತಾಗುತ್ತದೆಯೇ ಎಂದು ಈ ಚಳಿಗಾಲವೇ ನಿಂತು ನೋಡಿ, ಆಮೇಲೆ ಹಣ ಹಾಕಿ.

ಲೇಹ್‌ನಿಂದ

ನಾರ್ವೆಯವರ ಮಾತು ನಿಜ. ನಮ್ಮಲ್ಲಿ ಮೈನಸ್ ಹತ್ತು ಇದ್ದಾಗಲೂ ಬಿಸಿಲು ಬಿದ್ದರೆ ಕಪ್ಪು ಬಂಡೆ ಕಾಯುತ್ತದೆ, ಐಸ್ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿದ್ದು ಹಿಂದಿನಿಂದ ಬಂಡೆಯನ್ನು ಬಿಟ್ಟಿರುತ್ತದೆ. ಆಕ್ಸ್‌ನಿಂದ ತಟ್ಟಿದಾಗ ಟಕ್ ಎನ್ನಬೇಕಾದದ್ದು ಡಬ್ ಎಂದು ಟೊಳ್ಳು ಸದ್ದು ಕೊಟ್ಟರೆ ಆ ದಿನ ಯಾರನ್ನೂ ಹತ್ತಿಸಬಾರದು.

ಆಲ್ಬರ್ಟಾದಿಂದ

ಯಾರೂ ಆಳುಗಳ ಮಾತೆತ್ತಿಲ್ಲ. ಐಸ್ ಬೆಳೆಸುವುದು ಹೈನುಗಾರಿಕೆಯಂಥ ಕೆಲಸ, ಒಂದು ಹೊತ್ತು ತಪ್ಪಿಸುವಂತಿಲ್ಲ. ನಮ್ಮಲ್ಲಿ ಮೈನಸ್ ಮೂವತ್ತಕ್ಕೆ ಇಳಿದಾಗ ಐಸ್ ಪೆಡಸಾಗಿ, ಆಕ್ಸ್ ತಾಗಿದ ಕಡೆ ಊಟದ ತಟ್ಟೆಯಷ್ಟು ಅಗಲದ ಚಕ್ಕೆಗಳು ಎದ್ದು ಕೆಳಗೆ ಬಿಲೇ ಮಾಡುವವರ (ಹತ್ತುವವರ ಹಗ್ಗ ಹಿಡಿದು ನಿಲ್ಲುವವರ) ಮೇಲೆ ಬೀಳುತ್ತವೆ. ಬಿಲೇ ಮಾಡುವವರನ್ನು ಗೋಡೆಯ ನೇರ ಕೆಳಗೆ ನಿಲ್ಲಿಸದಂತೆ ಗೆರೆ ಎಳೆಯಿರಿ. ನವೆಂಬರಿನಲ್ಲಿ ಇಪ್ಪತ್ತು ಸ್ವಯಂಸೇವಕರು ಹೆಸರು ಕೊಟ್ಟರು, ಕ್ರಿಸ್‌ಮಸ್ ಹೊತ್ತಿಗೆ ನಾನೂ ನನ್ನ ಪತ್ನಿಯೂ ಉಳಿದೆವು. ವಿದ್ಯುತ್ ಹೋದ ರಾತ್ರಿ ಪಂಪ್ ನಿಂತು ಪೈಪಿನ ಉದ್ದಕ್ಕೂ ಒಡೆದು, ದುರಸ್ತಿಗೆ 3,900 ಡಾಲರ್ ಹೋಯಿತು. ಈಗ ಪೈಪಿಗೆ ಎಲ್ಲೂ ಹೊಟ್ಟೆ ಬಾರದಂತೆ ಒಂದೇ ಇಳಿಜಾರು ಕೊಟ್ಟು, ತುದಿಯಲ್ಲಿ ತಾನಾಗಿ ತೆರೆದುಕೊಳ್ಳುವ ಡ್ರೈನ್ ವಾಲ್ವ್ ಕೂರಿಸಿದ್ದೇವೆ. ಸಂಬಳಕ್ಕೆ ಒಬ್ಬರನ್ನಾದರೂ ಇಟ್ಟುಕೊಳ್ಳುವ ಹಣವಿಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ.

ಲೇಹ್‌ನಿಂದ

ಸಂಬಳ ಕೊಟ್ಟರೆ ಅದು ಊರಿನ ಗೋಡೆ ಆಗುವುದಿಲ್ಲ. ನಮ್ಮಲ್ಲಿ ಮನೆಗೊಂದು ರಾತ್ರಿಯ ಸರದಿ ಇದೆ.

ಆಲ್ಬರ್ಟಾದಿಂದ

ನಿಮ್ಮ ಹಳ್ಳಿಯಲ್ಲಿ ಸರದಿ ಮುರಿದವರಿಗೆ ಬೇಸಿಗೆಯಲ್ಲಿ ಹೊಲಕ್ಕೆ ನೀರಿನ ಚಿಂತೆ ಇದೆ, ಆದ್ದರಿಂದ ಬರುತ್ತಾರೆ. ಇಲ್ಲಿ ಮುರಿದವರಿಗೆ ಯಾವ ನಷ್ಟವೂ ಇಲ್ಲ. ಎರಡು ಚಳಿಗಾಲ ನಿದ್ದೆಗೆಟ್ಟವನಿಗೆ ಊರಿನ ಗೋಡೆಯ ಅರ್ಥ ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಪುರಸಭೆಯ ಜಲ ವಕೀಲರನ್ನು ಈ ವಾರವೇ ಕಾಣುತ್ತೇವೆ. ಗೋಪುರದ ಮಾತನ್ನು ಅಲ್ಲಿಯವರೆಗೆ ತಡೆಹಿಡಿದಿದ್ದೇವೆ. ಮಿನ್ನೆಸೋಟದವರು ತಮ್ಮ ಅಡಿಪಾಯದ ನಕ್ಷೆ ಕಳುಹಿಸಬಹುದೇ?

ಮಿನ್ನೆಸೋಟದಿಂದ

ಕಳುಹಿಸುವುದಿಲ್ಲ, ತಪ್ಪು ತಿಳಿಯಬೇಡಿ. ನಿಮ್ಮ ಮಣ್ಣು ಬೇರೆ, ಗಾಳಿ ಬೇರೆ, ನೆಲ ಹೆಪ್ಪುಗಟ್ಟುವ ಆಳವೂ ಬೇರೆ. ಬೇರೆ ಊರಿನ ಅಳತೆಗೆ ಹಾಕಿದ ಕಾಂಕ್ರೀಟನ್ನು ನಾವು ಒಮ್ಮೆ ಹಣ ಕೊಟ್ಟು ಒಡೆಸಿದ್ದೇವೆ. ನಿಮ್ಮಲ್ಲಿನ ಎಂಜಿನಿಯರ್ ಒಬ್ಬರಿಂದ ಮಣ್ಣಿನ ಪರೀಕ್ಷೆ ಮಾಡಿಸಿ. ಅವರು ಲೆಕ್ಕ ಹಾಕಿದ ಮೇಲೆ ಪಕ್ಕಕ್ಕಿಟ್ಟು ಹೋಲಿಸಲು ನಮ್ಮದನ್ನು ಕೊಡುತ್ತೇನೆ.